ದಿನಕ್ಕೊಂದು ಪ್ರಶ್ನೆ, ನಾಲ್ಕು ಹೆಸರು: ರಸಪ್ರಶ್ನೆಯ ಆಚೆಗೆ ರಮಾನಂದ ತೀರ್ಥರು

(ಉಪನ್ಯಾಸದ ಪಾಠ)



ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆ ಮುಗಿದ ಮೇಲೆ ಒಬ್ಬ ಹುಡುಗ ಪತ್ರಿಕೆಯ ತಲೆಬರಹ ಓದುತ್ತಾನೆ, ಒಬ್ಬ ಹುಡುಗಿ ಸುಭಾಷಿತ ಹೇಳುತ್ತಾಳೆ. ಆಮೇಲೆ ಬರುವುದು ದಿನದ ಪ್ರಶ್ನೆ. ಆಳಂದ, ಅಫಜಲಪುರ, ಜೇವರ್ಗಿಯ ಕಡೆ ಸೆಪ್ಟೆಂಬರ್ ತಿಂಗಳು ಬಂತೆಂದರೆ ಆ ಪ್ರಶ್ನೆ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಹೈದರಾಬಾದ್ ವಿಮೋಚನಾ ಹೋರಾಟದ ನಾಯಕ ಯಾರು? ಅ. ಕಾಸಿಂ ರಜ್ವಿ. ಆ. ಮೀರ್ ಲಾಯಕ್ ಅಲಿ. ಇ. ಸ್ವಾಮಿ ರಮಾನಂದ ತೀರ್ಥ. ಈ. ಕೆ.ಎಂ. ಮುನ್ಷಿ.

ಮೂರನೆಯದಕ್ಕೆ ಗುರುತು ಹಾಕಿದರೆ ಒಂದು ಅಂಕ. ಮರುದಿನ ಬೇರೆ ಪ್ರಶ್ನೆ. ರಷ್ಯಾದ ಕ್ರಾಂತಿಯ ನಾಯಕ ಯಾರು, ಬಾಸ್ಟಿಲ್ ಕೋಟೆ ಬಿದ್ದದ್ದು ಯಾವಾಗ, ಚೀನಾ ಗಣರಾಜ್ಯದ ಪಿತಾಮಹ ಯಾರು. ಹೀಗೆ ಜಗತ್ತಿನ ಚರಿತ್ರೆಯೆಲ್ಲ ದಿನಕ್ಕೊಂದು ಗುಟುಕಿನಂತೆ ಮಕ್ಕಳ ಬಾಯಿಗೆ ಬೀಳುತ್ತದೆ. ಇದನ್ನು ಹಗುರವಾಗಿ ಕಾಣಬೇಕಾಗಿಲ್ಲ. ದಿನಕ್ಕೊಂದು ಹೆಸರನ್ನಾದರೂ ಕಿವಿಗೆ ಹಾಕಿಕೊಂಡ ಮಗು ಏನೂ ಕೇಳದ ಮಗುವಿಗಿಂತ ಮುಂದಿರುತ್ತದೆ. ಆದರೆ ಗುರುತು ಹಾಕಿದ ಒಂದು ಹೆಸರಿನ ಹಿಂದೆ, ಗುರುತು ಹಾಕದೆ ಬಿಟ್ಟ ಮೂರು ಹೆಸರುಗಳ ಹಿಂದೆ ಏನೇನಿದೆ ಎಂಬುದನ್ನು ನೋಡುವುದೇ ಈ ಹೊತ್ತಿನ ವಿಷಯ.

ಒಂದು ಅಂಕದ ಬೆಲೆ

ಬೆಂಗಳೂರಿನಲ್ಲಿ ರಸಪ್ರಶ್ನೆ ಎಂದರೆ ಹವ್ಯಾಸ. ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಅಲ್ಲಿ ಹುಟ್ಟಿದ್ದು 1983ರಲ್ಲಿ. ಅದಕ್ಕೂ ಮೊದಲು 1967ರಲ್ಲಿ ನೀಲ್ ಒ'ಬ್ರಯನ್ ಕಲ್ಕತ್ತೆಯಲ್ಲಿ ಈ ಆಟವನ್ನು ಸಾರ್ವಜನಿಕರ ಮುಂದೆ ತಂದಿದ್ದರು. 1985ರಲ್ಲಿ ಸಿದ್ಧಾರ್ಥ ಬಸು ಅದನ್ನು ದೂರದರ್ಶನಕ್ಕೆ ಒಯ್ದರು. ಕನ್ನಡದಲ್ಲಿ ಇದು ಮನೆಮಾತಾದದ್ದು 2002ರಲ್ಲಿ ಡಾ. ನಾ. ಸೋಮೇಶ್ವರ ಅವರು ಚಂದನ ವಾಹಿನಿಯಲ್ಲಿ ಆರಂಭಿಸಿದ 'ಥಟ್ ಅಂತ ಹೇಳಿ' ಕಾರ್ಯಕ್ರಮದಿಂದ. ಅಲ್ಲಿ ಸರಿಯುತ್ತರಕ್ಕೆ ಹಣವಿಲ್ಲ, ಪುಸ್ತಕವೇ ಬಹುಮಾನ.

ಕಲ್ಯಾಣ ಕರ್ನಾಟಕದಲ್ಲಿ ಮಾತು ಬೇರೆ. ಇಲ್ಲಿ ಸಾಮಾನ್ಯ ಜ್ಞಾನವೆಂಬುದು ಅನ್ನದ ಪ್ರಶ್ನೆ. ಪೊಲೀಸ್ ಕಾನ್‌ಸ್ಟೆಬಲ್, ಪಿಡಿಒ, ಎಫ್‌ಡಿಎ, ಎಸ್‌ಡಿಎ ಹುದ್ದೆಗಳ ಪರೀಕ್ಷೆಗೆ ಕುಳಿತವನಿಗೆ ಒಂದು ಅಂಕವೆಂದರೆ ಪಟ್ಟಿಯಲ್ಲಿ ಎಷ್ಟೋ ಹೆಸರುಗಳಷ್ಟು ಮೇಲೆ ಅಥವಾ ಕೆಳಗೆ. ಹಳ್ಳಿಯಿಂದ ಬಂದು ಕಲಬುರಗಿಯಲ್ಲಿ ಕೋಣೆ ಹಿಡಿದು, ಊರಿನಿಂದ ಬಸ್ಸಿನಲ್ಲಿ ಬರುವ ರೊಟ್ಟಿಯ ಗಂಟು ನೆಚ್ಚಿಕೊಂಡು ವರ್ಷಗಟ್ಟಲೆ ಓದುವ ತರುಣರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ಲಿಖಿತ ಪರೀಕ್ಷೆ ನಡೆಯಿತು. ಕಲಬುರಗಿಯ ಪರೀಕ್ಷಾ ಕೇಂದ್ರವೊಂದರಿಂದ ಆರಂಭವಾದ ತನಿಖೆ ಅಕ್ರಮದ ದೊಡ್ಡ ಜಾಲವನ್ನೇ ಹೊರಗೆಳೆಯಿತು. 2022ರ ಏಪ್ರಿಲ್‌ನಲ್ಲಿ ಸರ್ಕಾರ ಆ ನೇಮಕಾತಿಯನ್ನೇ ರದ್ದು ಮಾಡಿತು. ಪ್ರಾಮಾಣಿಕವಾಗಿ ಓದಿ ಬರೆದವರೂ ಮತ್ತೆ ಮೊದಲಿನಿಂದ ಓದಬೇಕಾಯಿತು. ಅಂದಹಾಗೆ ಅಕ್ಟೋಬರ್ 3 ಸ್ವಾಮಿ ರಮಾನಂದ ತೀರ್ಥರ ಜನ್ಮದಿನ. ಅವರು ಮೊದಲು ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು.

ಇನ್ನೂ ಒಂದು ಸಂಗತಿಯಿದೆ. ಇಲ್ಲಿನ ಅಭ್ಯರ್ಥಿಗಳ ಕೈಯಲ್ಲಿರುವ 371(ಜೆ) ಪ್ರಮಾಣಪತ್ರ ಎಲ್ಲಿಂದ ಬಂತು? 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 98ನೇ ತಿದ್ದುಪಡಿಯಿಂದ. ಆ ತಿದ್ದುಪಡಿಗೆ ಆಧಾರವಾದದ್ದು ಈ ಭಾಗ ಹಿಂದುಳಿದಿದೆ, ಅದಕ್ಕೆ ಬೇರೆಯದೇ ಆದ ಚರಿತ್ರೆಯಿದೆ ಎಂಬ ವಾದ. ಎಂದರೆ ಸ್ವಾಮೀಜಿಯ ಹೆಸರಿಗೆ ಗುರುತು ಹಾಕುವ ಹುಡುಗಿ ಪರೀಕ್ಷೆಗೆ ಕುಳಿತಿರುವ ಮೀಸಲಾತಿಯ ಬೇರೂ ಅದೇ ಚರಿತ್ರೆಯಲ್ಲಿದೆ. ಇಲ್ಲಿಯೇ ರಸಪ್ರಶ್ನೆಯ ಗುರುಗಳಿಗೆ ಪ್ರಿಯವಾದ ಒಂದು ಬಲೆಯೂ ಇದೆ. 371(ಜೆ) ವ್ಯಾಪ್ತಿಗೆ ಬರುವ ಬಳ್ಳಾರಿ 1948ರಲ್ಲಿ ನಿಜಾಮನ ರಾಜ್ಯದಲ್ಲಿ ಇರಲೇ ಇಲ್ಲ. ನಿಜಾಮ ಅದನ್ನು 1800ರಲ್ಲೇ ಇಂಗ್ಲಿಷರಿಗೆ ಬಿಟ್ಟುಕೊಟ್ಟಿದ್ದ. 1948ರಲ್ಲಿ ಅದು ಮದ್ರಾಸ್ ಪ್ರಾಂತದ ಜಿಲ್ಲೆ.

ಸವಾಲು–ಜವಾಬು

ಪ್ರಶ್ನೆ ಹಾಕಿ ಎದುರಾಳಿಯನ್ನು ಕಟ್ಟಿಹಾಕುವ ಆಟ ಈ ಸೀಮೆಗೆ ಹೊಸದಲ್ಲ. ಭೀಮಾತೀರದ ಹಳ್ಳಿಗಳಲ್ಲಿ ಜಾತ್ರೆಯ ರಾತ್ರಿ ಹರದೇಶಿ–ನಾಗೇಶಿ ಮೇಳಗಳು ಎದುರಾಬದುರು ನಿಲ್ಲುತ್ತಿದ್ದವು. ಕಲ್ಗಿ–ತುರಾ ಎಂದೂ ಕರೆಯುವ ಈ ಲಾವಣಿ ಪರಂಪರೆಯಲ್ಲಿ ಒಂದು ಪಕ್ಷ ಶಿವನನ್ನು, ಇನ್ನೊಂದು ಪಕ್ಷ ಶಕ್ತಿಯನ್ನು ಎತ್ತಿಹಿಡಿದು ಬೆಳಗಿನವರೆಗೆ ಹಾಡುತ್ತದೆ. ಒಬ್ಬರದು ಸವಾಲು, ಇನ್ನೊಬ್ಬರದು ಜವಾಬು. ಅಲ್ಲಿ ಉತ್ತರ ಒಂದೇ ಪದದಲ್ಲಿ ಮುಗಿಯುವುದಿಲ್ಲ. ಜವಾಬು ಕೊಟ್ಟವನು ಅದಕ್ಕೆ ಕಥೆ ಹೇಳಬೇಕು, ಪುರಾಣದಿಂದ ಸಾಕ್ಷಿ ತರಬೇಕು, ಕಡೆಗೆ ತಾನೂ ಒಂದು ಸವಾಲು ಎಸೆಯಬೇಕು. ಅಚ್ಚಾದ ನಾಲ್ಕು ಆಯ್ಕೆಗಳ ಪ್ರಶ್ನೆಗೆ ಈ ಸೌಕರ್ಯವಿಲ್ಲ. ಅದರಲ್ಲಿ ರಸವಿದೆ ಎಂದು ಹೆಸರು ಹೇಳುತ್ತದೆ, ಆದರೆ ಬಹಳ ಸಲ ರಸ ಇರುವುದು ಉತ್ತರದಲ್ಲಲ್ಲ, ಉತ್ತರದ ಸುತ್ತಮುತ್ತ.

ಇಂಗ್ಲಿಷಿನ 'ಕ್ವಿಜ್' ಪದದ ಹುಟ್ಟಿನ ಕಥೆಯೇ ಇದಕ್ಕೆ ಒಳ್ಳೆಯ ನಿದರ್ಶನ. ಡಬ್ಲಿನ್ ನಗರದ ನಾಟಕಶಾಲೆಯ ಯಜಮಾನನೊಬ್ಬ ಅರ್ಥವಿಲ್ಲದ ಹೊಸ ಪದವೊಂದನ್ನು ಒಂದೇ ದಿನದಲ್ಲಿ ಊರಿಗೆಲ್ಲ ಹಬ್ಬಿಸುತ್ತೇನೆಂದು ಪಣ ಕಟ್ಟಿ, ರಾತ್ರೋರಾತ್ರಿ ಗೋಡೆಗಳ ಮೇಲೆ ಬರೆಯಿಸಿದನಂತೆ. ಎಷ್ಟೋ ರಸಪ್ರಶ್ನೆಗಳಲ್ಲಿ ಇದು ಸರಿಯುತ್ತರವಾಗಿ ಅಂಕ ಗಳಿಸಿದೆ. ಕಥೆಗೆ ಮಾತ್ರ ಯಾವ ಗಟ್ಟಿ ಆಧಾರವೂ ಇಲ್ಲ.

ಮೂರನೆಯ ಹೆಸರು

ಇನ್ನು ಸರಿಯುತ್ತರದ ಕಡೆಗೆ ಬರೋಣ. ಸ್ವಾಮೀಜಿ ಎಂದ ಕೂಡಲೆ ಮಠ, ಪಲ್ಲಕ್ಕಿ, ಪಾದಪೂಜೆ ಕಣ್ಣಿಗೆ ಕಟ್ಟುತ್ತವೆ. ರಮಾನಂದ ತೀರ್ಥರಿಗೆ ಇವಾವುದೂ ಇರಲಿಲ್ಲ. ಅವರ ಪೂರ್ವಾಶ್ರಮದ ಹೆಸರು ವೆಂಕಟೇಶ ಭವಾನರಾವ್ ಖೇಡಗೀಕರ. ಹುಟ್ಟಿದ್ದು 1903ರಲ್ಲಿ, ಇಂದಿನ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಎಂದರೆ ಜೇವರ್ಗಿಯವರಿಗೆ ಪಕ್ಕದ ತಾಲ್ಲೂಕು. ಆದರೆ ಆ ಕಾಲದಲ್ಲಿ ಸಿಂದಗಿ ಮುಂಬಯಿ ಪ್ರಾಂತಕ್ಕೆ, ಜೇವರ್ಗಿ ನಿಜಾಮನಿಗೆ.

ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಸರ್ಕಾರಿ ಶಿಕ್ಷಣ ಬಿಟ್ಟ ಈ ತರುಣ ಪುಣೆಯಲ್ಲಿ ತಿಲಕರ ಹೆಸರಿನ ರಾಷ್ಟ್ರೀಯ ವಿದ್ಯಾಲಯದಲ್ಲಿ ಓದಿದರು. ನಂತರ ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಜತೆ ಕೆಲಸ ಮಾಡಿದರು. ಎಂದರೆ ಅವರ ರಾಜಕೀಯ ದೀಕ್ಷೆ ಮೊದಲು ಆದದ್ದು ಗಿರಣಿ ಕಾರ್ಮಿಕರ ನಡುವೆ. 1929ರಲ್ಲಿ ಆಗಿನ ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಾ ಎಂಬ ಹಳ್ಳಿಯ ರಾಷ್ಟ್ರೀಯ ಶಾಲೆಗೆ ಮುಖ್ಯೋಪಾಧ್ಯಾಯರಾಗಿ ಬಂದರು. ಮರುವರ್ಷ ಸನ್ಯಾಸ ಸ್ವೀಕರಿಸಿದರು. ಸನ್ಯಾಸಿಯಾದ ಮೇಲೂ ಪಾಠ ಹೇಳುವುದನ್ನು ಬಿಡಲಿಲ್ಲ. ಮುಂದೆ ಅಂಬಾಜೋಗಾಯಿಯಲ್ಲಿ ಶಾಲೆ ಕಟ್ಟಿ ಬೆಳೆಸಿದರು.

ಆಗಿನ ಹೈದರಾಬಾದ್ ರಾಜ್ಯದ ಗಾತ್ರವನ್ನು ಇಂದು ಕಲ್ಪಿಸಿಕೊಳ್ಳುವುದು ಕಷ್ಟ. 82 ಸಾವಿರ ಚದರ ಮೈಲಿಗೂ ಹೆಚ್ಚು ವಿಸ್ತೀರ್ಣ, 1941ರ ಜನಗಣತಿಯಂತೆ ಸುಮಾರು 1 ಕೋಟಿ 63 ಲಕ್ಷ ಜನ, 16 ಜಿಲ್ಲೆ. ಅವುಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು: ಗುಲ್ಬರ್ಗಾ, ರಾಯಚೂರು, ಬೀದರ್. ಆಡಳಿತದ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆಯೂ ಅದೇ. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡಲು ಮುಂದಾದ ಆ ಪ್ರಯೋಗ ಆ ಕಾಲಕ್ಕೆ ದೊಡ್ಡದೇ. ಯೂರೋಪಿನ ಚರಿತ್ರೆಯ ಗ್ರಂಥಗಳನ್ನು ಉರ್ದುವಿಗೆ ತರಲು ಒಂದು ಅನುವಾದ ಸಂಸ್ಥೆಯನ್ನೇ ಕಟ್ಟಲಾಗಿತ್ತು. ಆದರೆ ಆ ದೇಶಭಾಷೆ ಆಳಂದದ ರೈತನದಾಗಿರಲಿಲ್ಲ, ಅವನ ಮಗನದೂ ಆಗಿರಲಿಲ್ಲ. ಪ್ರಪಂಚದ ಕ್ರಾಂತಿಗಳ ಕಥೆ ಉರ್ದುವಿನಲ್ಲಿ ಓದಲು ಸಿಗುತ್ತಿತ್ತು, ಊರಿನಲ್ಲಿ ಸಭೆ ಸೇರಿ ಮಾತಾಡಲು ಮಾತ್ರ ಅನುಮತಿ ಬೇಕಿತ್ತು.

1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಸ್ಥಾಪಿಸುವ ಸಿದ್ಧತೆ ನಡೆದಾಗ, ಅದು ವಿಧಿವತ್ತಾಗಿ ಹುಟ್ಟುವ ಮೊದಲೇ ಸರ್ಕಾರ ನಿಷೇಧ ಹೇರಿತು. ಅದೇ ಅಕ್ಟೋಬರ್ 24ರಿಂದ ಸತ್ಯಾಗ್ರಹ ಆರಂಭವಾಯಿತು, ಸ್ವಾಮೀಜಿ ಸೆರೆಮನೆ ಸೇರಿದರು. ಆ ವರ್ಷವೇ ಉಸ್ಮಾನಿಯಾದ ವಿದ್ಯಾರ್ಥಿಗಳು ವಸತಿಗೃಹಗಳಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ಹೊರದೂಡಲ್ಪಟ್ಟರು. ನಾಗಪುರ ವಿಶ್ವವಿದ್ಯಾಲಯ ಅವರಿಗೆ ಬಾಗಿಲು ತೆರೆಯಿತು. ಹಾಗೆ ಹೋದವರಲ್ಲಿ ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಒಬ್ಬರು, ಅವರು ಸ್ವಾಮೀಜಿಯ ಶಿಷ್ಯರೆಂದೇ ಹೇಳಿಕೊಳ್ಳುತ್ತಿದ್ದವರು. ಸ್ಟೇಟ್ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆರವಾದದ್ದು 1946ರಲ್ಲಿ, ಎಂಟು ವರ್ಷಗಳ ನಂತರ.

ಊರಲ್ಲಿಲ್ಲದ ನಾಯಕ

1947ರ ಆಗಸ್ಟ್ 15ರಂದು ದೇಶವೆಲ್ಲ ಬಾವುಟ ಹಾರಿಸುತ್ತಿದ್ದಾಗ ಸ್ವಾಮೀಜಿ ಬಂಧನಕ್ಕೊಳಗಾದರು. ನವೆಂಬರ್ 29ರಂದು ನಿಜಾಮನಿಗೂ ಭಾರತ ಸರ್ಕಾರಕ್ಕೂ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾದ ಮೇಲೆ ಅವರ ಬಿಡುಗಡೆಯಾಯಿತು. ಆದರೆ 1948ರ ಜನವರಿಯಲ್ಲಿ ಮತ್ತೆ ಸೆರೆ. ಹೊರಬಂದದ್ದು ನಿಜಾಮ ಶರಣಾದ ಮೇಲೆಯೇ. ಎಂದರೆ ಹೋರಾಟ ಅತ್ಯಂತ ತೀವ್ರವಾಗಿದ್ದ ಆ ತಿಂಗಳುಗಳಲ್ಲಿ ನಾಯಕ ಇದ್ದದ್ದು ಗೋಡೆಗಳ ಒಳಗೆ.

ಇದು ಹೈದರಾಬಾದಿನ ವಿಶೇಷವೇನಲ್ಲ. ದಿನದ ಪ್ರಶ್ನೆಯಲ್ಲಿ ಬರುವ ಇತರ ಕ್ರಾಂತಿನಾಯಕರನ್ನು ನೋಡಿ. 1911ರ ಅಕ್ಟೋಬರ್ 10ರಂದು ಚೀನಾದ ವುಚಾಂಗ್‌ನಲ್ಲಿ ಬಂಡಾಯ ಸಿಡಿದು ಎರಡು ಸಾವಿರ ವರ್ಷಗಳ ಅರಸೊತ್ತಿಗೆ ಉರುಳತೊಡಗಿದಾಗ ಸನ್ ಯಾತ್ ಸೆನ್ ಅಮೆರಿಕದ ಡೆನ್ವರ್ ನಗರದಲ್ಲಿದ್ದರು. ಸುದ್ದಿ ತಿಳಿದದ್ದು ಪತ್ರಿಕೆಯಿಂದ. 1917ರ ಆರಂಭದಲ್ಲಿ ರಷ್ಯಾದ ತ್ಸಾರ್ ಗದ್ದುಗೆ ಬಿಟ್ಟಾಗ ಲೆನಿನ್ ಇದ್ದದ್ದು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ. ರೈಲು ಹಿಡಿದು ಪೆಟ್ರೊಗ್ರಾಡ್ ತಲಪಿದ್ದು ಏಪ್ರಿಲ್‌ನಲ್ಲಿ. ಇದರಿಂದ ಅವರ ಹಿರಿಮೆ ಕುಗ್ಗುವುದಿಲ್ಲ. ಎರಡನೆಯ ಕ್ರಾಂತಿಗೆ, ಅಂದರೆ ಬೊಲ್ಶೆವಿಕರ ಅಧಿಕಾರ ಗ್ರಹಣಕ್ಕೆ, ಲೆನಿನ್ ಬೇಕೇಬೇಕಾಗಿತ್ತು. ಆದರೆ 'ನಾಯಕ ಯಾರು' ಎಂಬ ಪ್ರಶ್ನೆಗೆ ಉತ್ತರ ಕೊಟ್ಟ ಕೂಡಲೆ 'ಹಾಗಾದರೆ ಮಾಡಿದವರು ಯಾರು' ಎಂಬ ಇನ್ನೊಂದು ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಈ ಕಡೆ ಮಾಡಿದವರು ಗಡಿಶಿಬಿರಗಳ ತರುಣರು. ಹೈದರಾಬಾದ್ ರಾಜ್ಯದ ಸುತ್ತ, ಭಾರತದ ನೆಲದಲ್ಲಿ, ಸೊಲ್ಲಾಪುರದ ಕಡೆ, ಮುಂಡರಗಿ, ಗಜೇಂದ್ರಗಡದ ಕಡೆ ಶಿಬಿರಗಳು ಎದ್ದವು. ಮುಂಡರಗಿ ಶಿಬಿರದೊಂದಿಗೆ ಅಳವಂಡಿ ಶಿವಮೂರ್ತಿಸ್ವಾಮಿಗಳ ಹೆಸರು, ಗುಲ್ಬರ್ಗಾ ಸೀಮೆಯ ಹೋರಾಟದೊಂದಿಗೆ ಸರದಾರ್ ಶರಣಗೌಡ ಇನಾಮದಾರರ ಹೆಸರು ಹೊಂದಿಕೊಂಡಿವೆ. ಕರೋಡಗಿರಿ ನಾಕೆಗಳ ಮೇಲೆ ದಾಳಿ, ಶಿಂದಿ ಮರ ಕಡಿಯುವುದು, ದಫ್ತರ ಸುಡುವುದು ಇವೆಲ್ಲ ಅವರ ಕಾರ್ಯಕ್ರಮ. ಅಫಜಲಪುರದ ಕಡೆ ಭೀಮಾ ನದಿಯೇ ಗಡಿ. ಒಂದು ದಂಡೆಗೆ ಸ್ವಾತಂತ್ರ್ಯ ಬಂದಿತ್ತು, ಇನ್ನೊಂದು ದಂಡೆಗೆ ಬಂದಿರಲಿಲ್ಲ. ನದಿ ದಾಟಿ ಬೀಗರ ಮನೆಗೆ ಹೋದವನು ಬೇರೊಂದು ಆಳ್ವಿಕೆಗೆ ಹೋದಂತಿತ್ತು. ಶಿಬಿರದವರಿಗೆ ರಾತ್ರಿ ರೊಟ್ಟಿ ಬಡಿದು ಕೊಟ್ಟ ಹೆಂಗಸರ, ಸುದ್ದಿ ಒಯ್ದ ಕುರುಬ ಹುಡುಗರ ಹೆಸರುಗಳು ಯಾವ ಪ್ರಶ್ನೆಪತ್ರಿಕೆಯ ಆಯ್ಕೆಗಳಲ್ಲೂ ಬರುವುದಿಲ್ಲ.

ಉಳಿದ ಮೂರು ಹೆಸರು

ತಪ್ಪು ಉತ್ತರಗಳೂ ಚರಿತ್ರೆಯೇ. ಕಾಸಿಂ ರಜ್ವಿ ಲಾತೂರಿನ ವಕೀಲ. 1946ರಲ್ಲಿ ಮಜ್ಲಿಸ್ ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ ಅಧ್ಯಕ್ಷನಾದ. ಅದರ ಸ್ವಯಂಸೇವಕರೇ ರಜಾಕಾರರು. 'ರಜಾಕಾರ' ಎಂಬ ಪದದ ಅರ್ಥವೂ ಸ್ವಯಂಸೇವಕ ಎಂದೇ. ಹಾವಳಿ ಎಂಬ ಪದದೊಂದಿಗೆ ಅದು ಕನ್ನಡದಲ್ಲಿ ಎಷ್ಟು ಅಂಟಿಕೊಂಡಿದೆಯೆಂದರೆ ಮೂಲ ಅರ್ಥ ಹೇಳಿದರೆ ಹಿರಿಯರು ನಂಬುವುದಿಲ್ಲ. ಬಸವಕಲ್ಯಾಣ ತಾಲ್ಲೂಕಿನ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಈ ಭಾಗ ಮರೆತಿಲ್ಲ. ರಜ್ವಿಗೆ ಶಿಕ್ಷೆಯಾಯಿತು, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ, 1970ರಲ್ಲಿ ಸತ್ತ.

ಆದರೆ ರಜಾಕಾರರ ಕೈಯಲ್ಲಿ ಸತ್ತವರಲ್ಲಿ ಶೋಯೆಬುಲ್ಲಾ ಖಾನ್ ಕೂಡ ಇದ್ದರು ಎಂಬ ಪ್ರಶ್ನೆ ಅಪರೂಪ. ಹೈದರಾಬಾದಿನ 'ಇಮ್ರೋಜ್' ಎಂಬ ಉರ್ದು ದೈನಿಕದ ಸಂಪಾದಕ. ವಯಸ್ಸು ಮೂವತ್ತೂ ಆಗಿರಲಿಲ್ಲ. ಹೈದರಾಬಾದು ಭಾರತವನ್ನು ಸೇರಬೇಕು, ರಜಾಕಾರರನ್ನು ಹತ್ತಿಕ್ಕಬೇಕು ಎಂದು ಬರೆಯುತ್ತಿದ್ದರು. 1948ರ ಆಗಸ್ಟ್‌ನಲ್ಲಿ ರಾತ್ರಿ ಕಚೇರಿಯಿಂದ ಮನೆಗೆ ಮರಳುವಾಗ ಅವರನ್ನು ಗುಂಡಿಟ್ಟು ಕೊಂದು, ಬರೆಯುವ ಕೈ ಕತ್ತರಿಸಿದರು. ಪತ್ರಿಕೆಯ ಈ ಪುಟ ಓದುವವರು ಆ ಹೆಸರನ್ನು ನೆನಪಿಟ್ಟುಕೊಳ್ಳುವುದು ನ್ಯಾಯ.

ಮೀರ್ ಲಾಯಕ್ ಅಲಿ ನಿಜಾಮನ ಕೊನೆಯ ಪ್ರಧಾನಿ. ಮೂಲತಃ ಎಂಜಿನಿಯರ್, ಉದ್ಯಮಿ. ಹೈದರಾಬಾದನ್ನು ಸ್ವತಂತ್ರ ದೇಶವಾಗಿ ಉಳಿಸಲು ಹೊರಗಿನ ಪ್ರಪಂಚದ ಕದ ತಟ್ಟಿದವರು. ಆಸ್ಟ್ರೇಲಿಯಾದ ಸಿಡ್ನಿ ಕಾಟನ್ ಎಂಬ ಸಾಹಸಿಯ ವಿಮಾನಗಳು ಕರಾಚಿಯಿಂದ ರಾತ್ರಿ ಹೊತ್ತು ಶಸ್ತ್ರಾಸ್ತ್ರ ತರುತ್ತಿದ್ದವು. ಅವು ಇಳಿಯುತ್ತಿದ್ದ ತಾಣಗಳಲ್ಲಿ ಬೀದರ್ ಕೂಡ ಒಂದು. 1948ರ ಆಗಸ್ಟ್ 21ರಂದು ಹೈದರಾಬಾದ್ ವಿಶ್ವಸಂಸ್ಥೆಗೆ ದೂರು ಕೊಟ್ಟಿತು. ಭದ್ರತಾ ಮಂಡಳಿ ಸೆಪ್ಟೆಂಬರ್ 16ರಂದು ಪ್ಯಾರಿಸ್‌ನಲ್ಲಿ ಅದನ್ನು ಕೈಗೆತ್ತಿಕೊಂಡಿತು. ಅಲ್ಲಿ ಭಾರತದ ಪರವಾಗಿ ವಾದಿಸಿದವರು ಯಾರು? ಆಗ ಮೈಸೂರಿನ ದಿವಾನರಾಗಿದ್ದ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್! ಎಂಟು ವರ್ಷಗಳ ನಂತರ ಯಾವ ಮೈಸೂರು ರಾಜ್ಯದೊಂದಿಗೆ ಗುಲ್ಬರ್ಗಾ ಸೇರಲಿತ್ತೋ ಅದರ ದಿವಾನರೇ ಪ್ಯಾರಿಸ್‌ನಲ್ಲಿ ಗುಲ್ಬರ್ಗಾ ಸೇರಿದ್ದ ರಾಜ್ಯದ ಭವಿಷ್ಯದ ಬಗ್ಗೆ ಮಾತಾಡಿದ್ದರು. 'ಪ್ರಪಂಚದ ಇತಿಹಾಸ' ಮತ್ತು 'ಸ್ಥಳೀಯ ಇತಿಹಾಸ' ಎಂದು ಪಠ್ಯದಲ್ಲಿ ಬೇರೆ ಬೇರೆ ಅಧ್ಯಾಯ ಮಾಡುವವರು ಇದನ್ನು ಎಲ್ಲಿಡುತ್ತಾರೋ ತಿಳಿಯದು. ಲಾಯಕ್ ಅಲಿ 1950ರಲ್ಲಿ ಗೃಹಬಂಧನದಿಂದ ತಪ್ಪಿಸಿಕೊಂಡು ಪಾಕಿಸ್ತಾನ ಸೇರಿದರು.

ನಾಲ್ಕನೆಯವರು ಮುನ್ಷಿ. ಗುಜರಾತಿನ ಕಾದಂಬರಿಕಾರ, ವಕೀಲ. ಹೈದರಾಬಾದಿನಲ್ಲಿ ಭಾರತ ಸರ್ಕಾರದ ಏಜೆಂಟ್ ಜನರಲ್ ಆಗಿದ್ದರು. ಅಷ್ಟು ಸಾಕು.

ಯಾವ ತಾರೀಖು?

ನಾಯಕನ ನಂತರದ ಪ್ರಶ್ನೆ ತಾರೀಖಿನದು. ಹೈದರಾಬಾದು ಭಾರತಕ್ಕೆ ಸೇರಿದ್ದು ಯಾವಾಗ? 1948 ಸೆಪ್ಟೆಂಬರ್ 17 ಎಂದು ಎಲ್ಲ ಗೈಡುಗಳೂ ಹೇಳುತ್ತವೆ. ಸೆಪ್ಟೆಂಬರ್ 13ರ ಬೆಳಗ್ಗೆ ಭಾರತದ ಸೇನೆ ಸೊಲ್ಲಾಪುರದ ಕಡೆಯಿಂದ ಒಳನುಗ್ಗಿತು. ಮೊದಲ ದಿನವೇ ನಳದುರ್ಗ ವಶವಾಯಿತು. ಟ್ಯಾಂಕುಗಳು ಸಾಗಿದ ದಾರಿ ಆಳಂದದ ನೆರೆಯ ಉಮರ್ಗಾ, ಅಲ್ಲಿಂದ ಹುಮನಾಬಾದ್, ಜಹೀರಾಬಾದ್. ಐದನೆಯ ದಿನ, 17ರ ಸಂಜೆ, ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಬಾನುಲಿಯಲ್ಲಿ ಕದನವಿರಾಮ ಸಾರಿದರು. ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಜೆ.ಎನ್. ಚೌಧರಿಯವರಿಗೆ ವಿಧಿವತ್ತಾಗಿ ಶರಣಾದದ್ದು 18ರಂದು. ಭಾರತದ ಸಂವಿಧಾನ ಹೈದರಾಬಾದಿಗೂ ಅನ್ವಯವೆಂದು ನಿಜಾಮ ಫರ್ಮಾನು ಹೊರಡಿಸಿದ್ದು 1949ರ ನವೆಂಬರ್‌ನಲ್ಲಿ. 1950ರ ಜನವರಿ 26ರಂದು ಹೈದರಾಬಾದು ಭಾರತದ ಒಂದು ರಾಜ್ಯವಾಯಿತು, ಅದೇ ನಿಜಾಮ ರಾಜಪ್ರಮುಖ ಆದರು! ಹೀಗಾಗಿ ಒಂದು ಪ್ರಶ್ನೆಗೆ ಕನಿಷ್ಠ ಮೂರು ತಾರೀಖುಗಳಿಗೆ ಹಕ್ಕಿದೆ.

ರಷ್ಯಾದ ಅಕ್ಟೋಬರ್ ಕ್ರಾಂತಿ ನಡೆದದ್ದು ನವೆಂಬರ್ 7ರಂದು ಎಂಬುದು ರಸಪ್ರಶ್ನೆಯ ಹಳೆಯ ಚಮತ್ಕಾರ. ಆಗ ರಷ್ಯಾದ ಪಂಚಾಂಗ ಹದಿಮೂರು ದಿನ ಹಿಂದಿತ್ತು. ನಿಜಾಮನ ರಾಜ್ಯಕ್ಕೂ ಬೇರೆಯದೇ ಪಂಚಾಂಗವಿತ್ತು ಎಂಬುದನ್ನು ಕೇಳುವವರಿಲ್ಲ. ಸರ್ಕಾರಿ ಕಾಗದಪತ್ರಗಳೆಲ್ಲ ಫಸಲಿ ವರ್ಷದಲ್ಲಿ. ಕ್ರಿಸ್ತಶಕದಿಂದ ಸುಮಾರು 590 ಕಳೆದರೆ ಫಸಲಿ. ಅಕ್ಟೋಬರಿನಲ್ಲಿ ವರ್ಷ ಆರಂಭ. ಆಜರ್, ದೈ, ಬಹಮನ್ ಎಂದು ಪರ್ಷಿಯನ್ ತಿಂಗಳುಗಳು. ನಿಜಾಮನ ದಫ್ತರದ ಲೆಕ್ಕದಲ್ಲಿ ಆ ಸೆಪ್ಟೆಂಬರ್ ಬಿದ್ದದ್ದು 1357ನೇ ಫಸಲಿಯಲ್ಲಿ. ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಉರ್ದು ಕಾಗದವಿದ್ದವರು ಅದರ ಇಸವಿಯನ್ನು ಒಮ್ಮೆ ನೋಡಬಹುದು. ಹೊಲದ ತಂಟೆ ಕೋರ್ಟಿಗೆ ಹೋದಾಗ ಈ 590ರ ಲೆಕ್ಕ ಒಂದು ಅಂಕಕ್ಕಿಂತ ಹೆಚ್ಚು ಬೆಲೆಬಾಳುತ್ತದೆ.

ಕೇಳದ ಪ್ರಶ್ನೆ

ಸೆಪ್ಟೆಂಬರ್ 18ರ ಮರುದಿನ ಏನಾಯಿತು? ಈ ಪ್ರಶ್ನೆಯನ್ನು ಬೆಳಗಿನ ಪ್ರಾರ್ಥನೆಯಲ್ಲಿ ಕೇಳುವುದು ಸುಲಭವಲ್ಲ. ರಜಾಕಾರರು ಮಾಡಿದ್ದಕ್ಕೆ ಸೇಡು ಎಂಬ ಹೆಸರಿನಲ್ಲಿ ಹಲವೆಡೆ ಯಾವ ಸಂಬಂಧವೂ ಇಲ್ಲದ ಮುಸಲ್ಮಾನರ ಕೊಲೆ, ಲೂಟಿ ನಡೆದವು. ಪ್ರಧಾನಿ ನೆಹರೂ ಅವರ ಸೂಚನೆಯಂತೆ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ 1948ರ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಸುತ್ತಿ ವರದಿ ಕೊಟ್ಟರು. ಅವರ ಅಂದಾಜಿನಂತೆ ಸತ್ತವರು 27 ಸಾವಿರದಿಂದ 40 ಸಾವಿರ. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ ಒಂದು. ಉಳಿದವು ಉಸ್ಮಾನಾಬಾದ್, ಬೀದರ್, ನಾಂದೇಡ್. ಆಳಂದ ಇರುವುದು ಸರಿಯಾಗಿ ಇವುಗಳ ನಡುವಿನ ಸೀಮೆಯಲ್ಲಿ. ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ದಶಕಗಳ ನಂತರವಷ್ಟೇ ಅದು ಸಂಶೋಧಕರ, ಓದುಗರ ಕೈಗೆ ಬಂತು.

ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ತಮ್ಮ ಜೀವ ಒತ್ತೆಯಿಟ್ಟು ನೆರೆಯ ಮುಸಲ್ಮಾನರನ್ನು ಕಾಪಾಡಿದ ಹಿಂದೂಗಳ ಉದಾಹರಣೆಗಳನ್ನು ಸಮಿತಿ ದಾಖಲಿಸಿದೆ. ಮುಖ್ಯವಾಗಿ ನೇಕಾರರು, ಒಂದೇ ಕಸುಬಿನ ಸಂಗಾತಿಗಳೆಂದು, ಮುಸಲ್ಮಾನ ನೇಕಾರರ ಬೆನ್ನಿಗೆ ನಿಂತರು. ಗೋರಟಾವನ್ನು ನೆನೆಯುವವರು ಇದನ್ನು ಬಿಟ್ಟರೆ, ಇದನ್ನು ಹೇಳುವವರು ಗೋರಟಾವನ್ನು ಬಿಟ್ಟರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಎರಡೂ ಕಡೆಯ ಹಿರಿಯರು ಇನ್ನೂ ಕೆಲವರು ಬದುಕಿದ್ದಾರೆ, ಅವರಿಗೀಗ ಎಂಬತ್ತು ದಾಟಿದೆ. ಪ್ರಶ್ನೆ ಕೇಳುವ ಹುಡುಗರಿಗೆ ಹೆಚ್ಚು ಕಾಲವಿಲ್ಲ.

ಒಂದು ದಿನ, ಹಲವು ಹೆಸರು

ಆಳಂದದಿಂದ ಬಸ್ಸು ಹತ್ತಿ ಗಡಿ ದಾಟಿ ಉಮರ್ಗಾಕ್ಕೆ ಹೋದರೆ ಸೆಪ್ಟೆಂಬರ್ 17ರ ಹೆಸರು ಮರಾಠವಾಡಾ ಮುಕ್ತಿಸಂಗ್ರಾಮ ದಿನ. ಇತ್ತ ಕಲಬುರಗಿಯಲ್ಲಿ ಅದು ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವಾಗಿತ್ತು, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಹೈದರಾಬಾದ್ ನಗರದಲ್ಲಿಯಂತೂ 2022ರಲ್ಲಿ ಕೇಂದ್ರ ಸರ್ಕಾರ ವಿಮೋಚನಾ ದಿನವೆಂದು, ತೆಲಂಗಾಣ ಸರ್ಕಾರ ರಾಷ್ಟ್ರೀಯ ಏಕತಾ ದಿನವೆಂದು ಒಂದೇ ದಿನ ಬೇರೆ ಬೇರೆ ಮೈದಾನಗಳಲ್ಲಿ ಬಾವುಟ ಹಾರಿಸಿದವು. ಆಗಿನ ಸರ್ಕಾರಿ ಭಾಷೆಯಲ್ಲಿ ಅದು ಬರಿಯ ಪೊಲೀಸ್ ಕಾರ್ಯಾಚರಣೆ. ಹೆಸರು ಬದಲಾದಂತೆ ಕಥೆಯಲ್ಲಿ ಯಾರು ಮುಂದೆ ನಿಲ್ಲುತ್ತಾರೆ, ಯಾರು ಹಿಂದೆ ಸರಿಯುತ್ತಾರೆ ಎಂಬುದೂ ಬದಲಾಗುತ್ತದೆ. ಇದನ್ನು ಒಂದು ಅಂಕದ ಪ್ರಶ್ನೆ ಮಾಡಿದರೆ ಯಾವುದಕ್ಕೆ ಗುರುತು ಹಾಕಬೇಕು?

ಸ್ವಾಮೀಜಿಯ ಮುಂದಿನ ಕಥೆ ಗೈಡುಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. 1952ರ ಮೊದಲ ಮಹಾಚುನಾವಣೆಯಲ್ಲಿ ಅವರು ಗುಲ್ಬರ್ಗಾ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ತಾವು ಹೋರಾಡಿ ಬಿಡಿಸಿದ ಹೈದರಾಬಾದ್ ರಾಜ್ಯವನ್ನು ಒಡೆದು ಭಾಷೆಗೆ ತಕ್ಕಂತೆ ಹಂಚಬೇಕು ಎಂದು ವಾದಿಸಿದವರಲ್ಲಿ ಅವರೂ ಒಬ್ಬರು. 1956ರ ನವೆಂಬರ್ 1ರಂದು ಹಾಗೆಯೇ ಆಯಿತು. ಗುಲ್ಬರ್ಗಾ, ರಾಯಚೂರು, ಬೀದರ್ ಮೈಸೂರಿಗೆ, ಮರಾಠವಾಡಾ ಮುಂಬಯಿಗೆ, ತೆಲಂಗಾಣ ಆಂಧ್ರಕ್ಕೆ. 1957ರಲ್ಲಿ ಸ್ವಾಮೀಜಿ ಗೆದ್ದದ್ದು ಔರಂಗಾಬಾದಿನಿಂದ. ಅವರ ಹೆಸರಿನ ವಿಶ್ವವಿದ್ಯಾಲಯ 1994ರಲ್ಲಿ ಆರಂಭವಾದದ್ದು ಮಹಾರಾಷ್ಟ್ರದ ನಾಂದೇಡಿನಲ್ಲಿ. ಸ್ಮಾರಕ ಇರುವುದು ಹೈದರಾಬಾದಿನ ಬೇಗಂಪೇಟೆಯಲ್ಲಿ. 1972ರ ಜನವರಿ 22ರಂದು ತೀರಿಕೊಂಡಾಗ ಅವರು ಹುಟ್ಟಿದ ಸಿಂದಗಿ ಇದ್ದದ್ದು ಮೈಸೂರು ರಾಜ್ಯದಲ್ಲಿ; ಕರ್ನಾಟಕ ಎಂಬ ಹೆಸರು ಬರಲು ಇನ್ನೂ ಒಂದು ವರ್ಷ ಒಂಬತ್ತು ತಿಂಗಳು ಬಾಕಿಯಿತ್ತು.